ಕಾಣೆಯಾದ ನಲವತ್ತೆರಡು ರುಜು

"ಫೈಲಿಲ್ಲ ಕಣೇ," ಎಂದರು ಅತ್ತೆ, ಊಟದ ಕೋಣೆಯ ಮರದ ಪೆಟ್ಟಿಗೆಯ ಮುಂದೆ ಮಂಡಿಯೂರಿಕೊಂಡು. ಆಗ ಬೆಳಗಿನ ಏಳು ಗಂಟೆ. ಹನ್ನೊಂದಕ್ಕೆ ಸಾರಿಗೆ ಅಧಿಕಾರಿ ಬರುವವರಿದ್ದರು.

ಅತ್ತೆಯ ಆರು ಕೋಣೆಗಳ ವಸತಿಗೃಹ ನಡೆಯುತ್ತಿದ್ದುದೇ ಬಸ್ಸಿನಿಂದ. ಎರಡು ಮೈಲಿ ಆಚೆ ಹೊಸ ರಸ್ತೆಯಾಗಿತ್ತು. ಬಸ್ ನಿಲ್ದಾಣವನ್ನೂ ಅಲ್ಲಿಗೇ ಒಯ್ಯುವ ಮಾತಿತ್ತು. ಒಯ್ದರೆ ನಾವೂ ಬೀದಿಯ ಅಂಗಡಿಗಳೂ ಒಟ್ಟಿಗೇ ಬಾಗಿಲು ಹಾಕಬೇಕು. ವರ್ತಕರ ಸಂಘದ ಅಧ್ಯಕ್ಷೆಯಾದ ಅತ್ತೆ ಮೂರು ವಾರ ಸುತ್ತಿ, ನಲವತ್ತೆರಡು ಅಂಗಡಿಯವರ ರುಜು ಹಾಕಿಸಿ ಆಕ್ಷೇಪಣೆ ಸಿದ್ಧಪಡಿಸಿದ್ದರು. ಅದನ್ನು ಒಪ್ಪಿಸಲು ಅಂದೇ ಕಡೆಯ ದಿನ.

ಕಳೆದ ಚಾವಿಯಿಂದ ಹಿಡಿದು ಕಳೆದ ಗಂಡನವರೆಗೆ, ಏನೇ ಹುಡುಕಬೇಕಿದ್ದರೂ ಊರಿನವರು ಅತ್ತೆಯ ಬಳಿಗೇ ಬರುತ್ತಿದ್ದರು. ಕೋಣೆಗಳಲ್ಲಿ ಹಾಸಿಗೆ ಹಾಸುವುದು, ಅತ್ತೆ ಪತ್ತೆ ಮಾಡಿದ್ದನ್ನು ಬಾಯಿಬಿಟ್ಟುಕೊಂಡು ಕೇಳುವುದು, ಇವೆರಡೇ ನನ್ನ ಉದ್ಯೋಗ. ಈಗ ಕಳೆದದ್ದು ಅತ್ತೆಯದೇ.

ಹಿಂದಿನ ಸಂಜೆ ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತ ಉಳಿದವರು ಮೂವರು: ಸೈಕಲ್ ರಿಪೇರಿಯವನು, ದರ್ಜಿಯಣ್ಣ, ಮತ್ತು ಮೂರನೇ ಕೋಣೆಯ ಅತಿಥಿ. ಈ ಅತಿಥಿ ಹೊಸ ರಸ್ತೆ ಅಳೆಯಲು ಬಂದಿದ್ದ ಸರ್ವೆಯವರು. ಅವರೆಲ್ಲರ ಎದುರಿಗೇ ಅತ್ತೆ ಫೈಲನ್ನು ಪೆಟ್ಟಿಗೆಯ ಮೇಜುಬಟ್ಟೆಗಳ ನಡುವೆ ಇಟ್ಟಿದ್ದರು. ಅಷ್ಟರಲ್ಲಿ ಹೊಸ ಅತಿಥಿಗಳು ಬಂದರು. ನಾವಿಬ್ಬರೂ ಕೋಣೆ ತೋರಿಸಲು ಮಹಡಿಗೆ ಹೋದೆವು. ಕಾಲು ಗಂಟೆ ಬಿಟ್ಟು ಇಳಿದಾಗ ಲೋಟಗಳಷ್ಟೇ ಇದ್ದವು, ಜನ ಇರಲಿಲ್ಲ. ಅತ್ತೆ ಊಟದ ಕೋಣೆಗೆ ಬೀಗ ಹಾಕಿದರು. ಬೆಳಗ್ಗೆ ಬೀಗ ಹಾಕಿದ ಹಾಗೇ ಇತ್ತು.

ಅಜ್ಜಿಯ ಕತೆಯಲ್ಲಾಗಿದ್ದರೆ ಪೆಟ್ಟಿಗೆಯೇ ಕಳ್ಳನ ಹೆಸರು ಹೇಳಿಬಿಡುತ್ತಿತ್ತು. ನಮ್ಮ ಪೆಟ್ಟಿಗೆ ಕಿರ್ರೆಂದಿತು, ಅಷ್ಟೆ. ನಾನೂ ಇಣುಕಿದೆ. ಮೇಲೆ ಎರಡು ಬಣ್ಣಗೆಟ್ಟ ಬಟ್ಟೆ, ಕೆಳಗೆ ನಮ್ಮ ನೀಲಿ ಹೂವಿನ ಮೇಜುಬಟ್ಟೆಗಳು.

"ಈ ಮಾಸಲು ಬಟ್ಟೆ ಯಾರದು ಅತ್ತೆ? ನಮ್ಮದಲ್ಲ ಅಲ್ವಾ?"

ಅತ್ತೆ ಅದರ ಮೂಲೆಯನ್ನಷ್ಟೇ ಎತ್ತಿ ನೋಡಿ ಮುಚ್ಚಳ ಹಾಕಿದರು.

ಬ್ರೆಡ್ಡು ಕೊಡಲು ಬಂದ ಬೇಕರಿಯಕ್ಕ ಸುದ್ದಿ ಕೇಳಿ ಬುಟ್ಟಿಯನ್ನು ಧೊಪ್ಪನೆ ಇಟ್ಟಳು. "ಇದರಲ್ಲಿ ಯೋಚನೆ ಮಾಡೋದೇನಿದೆ? ಆ ಟೇಪು ಹಿಡಿಯೋ ಆಸಾಮಿದೇ ಕೆಲಸ! ನಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ಬಂದೋನಿಗೆ ನೀನು ರೂಮು ಕೊಟ್ಟೆ, ಮೆತ್ತನೆ ದಿಂಬೂ ಕೊಟ್ಟೆ."

"ದಿಂಬು ಎಲ್ಲರಿಗೂ ಒಂದೇ, ಅಕ್ಕಾ."

"ಅಧ್ಯಕ್ಷೆನೇ ಒಳಗೊಳಗೆ ಶಾಮೀಲಾಗಿದ್ದಾಳೆ ಅಂತ ನಾಳೆ ಜನ ಅಂದ್ರೆ?"

ಅತ್ತೆಯ ಮುಖ ಸಣ್ಣಗಾಯಿತು. "ಒಂಬತ್ತಕ್ಕೆ ಎಲ್ಲರೂ ಇಲ್ಲಿಗೆ ಬರಲಿ," ಎಂದು ನನ್ನನ್ನು ಅಟ್ಟಿದರು.

ಸೈಕಲಿನವನ ಎರಡೂ ಕೈ ಮೊಣಕೈವರೆಗೆ ಗ್ರೀಸು. "ಬರ್ತೀನಿ ಬಿಡಮ್ಮ. ನಿನ್ನೆ ಸಭೆಗೂ ಹಿಂಗೇ ಬಂದಿದ್ದೆ, ಚಹಾ ಲೋಟಕ್ಕೆಲ್ಲ ಕರಿ ಹತ್ತಿಸಿದೆ ಅಂತ ನಿಮ್ಮತ್ತೆ ಬೈದ್ರು."

ದರ್ಜಿಯಣ್ಣನ ಅಂಗಡಿ ಗುಹೆಯಷ್ಟು ಕತ್ತಲು. ಅವನು ಹೊಸ್ತಿಲ ಮೇಲೆ ಕೂತು, ಬೂದಿ ಬಣ್ಣದ ಬಟ್ಟೆಯನ್ನು ಮೂಗಿಗೆ ಹಿಡಿದು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ.

"ಯಾರಿಗಣ್ಣಾ ಇಷ್ಟು ಸಪ್ಪೆ ಬಣ್ಣ?"

ಅವನು ಮಡಿಕೆ ಬಿಡಿಸಿದ. ಒಳಗೆ ಗಿಳಿಹಸಿರು ಹೊಳೆಯಿತು! "ಮುಖ ಒಳಗೆ, ಬೆನ್ನು ಹೊರಗೆ, ಮಗಳೇ. ಮುಖದ ಮೇಲೆ ಗೀಚೋಕಾಗುತ್ತಾ?"

ಬೂದಿ ಚರ್ಮ ಹೊದ್ದು ಅಡಗಿದ್ದ ರಾಜಕುಮಾರಿಯ ಕತೆ ನೆನಪಾಗಿ ದಾರಿಯುದ್ದಕ್ಕೂ ಕನಸು ಕಾಣುತ್ತ ಬಂದೆ. ಮನೆಗೆ ಬಂದು ಅದನ್ನೂ ವರದಿ ಮಾಡಿದೆ. ಮಾಮೂಲಿನಂತೆ ಅತ್ತೆ ಗದರಲಿಲ್ಲ.

ಒಂಬತ್ತಕ್ಕೆ ಎಲ್ಲರೂ ಊಟದ ಮೇಜಿನ ಸುತ್ತ ಕೂತರು. ಬೇಕರಿಯಕ್ಕ ಸರ್ವೆಯವರನ್ನು ಕಣ್ಣಲ್ಲೇ ಸುಡುತ್ತಿದ್ದಳು. ಅವರು ಪಾಪ, ನಕ್ಷೆಯ ಮಡಿಕೆಯನ್ನು ಗುರಾಣಿಯಂತೆ ಎದೆಗೆ ಅವುಚಿಕೊಂಡಿದ್ದರು.

ಅತ್ತೆ ಪೆಟ್ಟಿಗೆಯಿಂದ ಆ ಎರಡು ಬಟ್ಟೆ ತೆಗೆದು ಮೇಜಿನ ಮೇಲಿಟ್ಟರು. "ಫೈಲಿನ ಮೇಲೆ ನಾನಿಟ್ಟಿದ್ದು ಇವೇ ಎರಡು. ತೆಗೆದವರು ಅವಸರದಲ್ಲೂ ನೀಟಾಗಿ ಮಡಚಿಟ್ಟು ಹೋಗಿದ್ದಾರೆ. ಇದರ ಮೇಲೆ ಎಲ್ಲೂ ಕರಿ ಇಲ್ಲ. ಹಾಗಾಗಿ ಸೈಕಲಿನವನಲ್ಲ."

"ಕೈ ತೊಳೀದೇ ಇದ್ದಿದ್ದೇ ಒಳ್ಳೇದಾಯ್ತು!" ಎಂದ ಅವನು.

"ಇನ್ನು ಇವರ ನಕ್ಷೆ ನೋಡಿ. ಗೆರೆಯೆಲ್ಲ ಹೊರಗೆ. ರೂಮಲ್ಲಿ ಹೊದಿಕೆನೂ ಹಾಗೇ, ಚಿತ್ರ ಹೊರಗೆ ಮಾಡಿ ಮಡಚ್ತಾರೆ. ನಾವೂ ಹಾಗೇ. ಆದ್ರೆ ಇದು..." ಅತ್ತೆ ಬಟ್ಟೆ ಕೊಡವಿದರು. ನಾನು ಮಾಸಲೆಂದುಕೊಂಡಿದ್ದ ಬಟ್ಟೆಯೊಳಗಿಂದ ನೀಲಿ ಹೂವುಗಳು ಮೇಜಿನ ತುಂಬ ಹರಡಿದವು. "ಹೂವು ಒಳಗೆ, ಬೆನ್ನು ಹೊರಗೆ. ಮೂವತ್ತು ವರ್ಷದ ಅಭ್ಯಾಸ. ಮನಸ್ಸು ಗಾಬರಿಯಲ್ಲಿತ್ತು, ಕೈ ತನ್ನ ಪಾಡಿಗೆ ತಾನು ಮಡಚಿಬಿಡ್ತು. ಹೌದಾ, ದರ್ಜಿಯಣ್ಣಾ?"

ದರ್ಜಿಯಣ್ಣ ಎದ್ದು ತನ್ನ ಚೀಲದಿಂದ ಫೈಲು ತೆಗೆದು ಮೇಜಿನ ಮೇಲಿಟ್ಟ. ಒಂದು ಹಾಳೆಯೂ ಮುದುಡಿರಲಿಲ್ಲ. ಅತ್ತೆ ಎಷ್ಟು ದೀರ್ಘವಾಗಿ ಉಸಿರು ಬಿಟ್ಟರೆಂದರೆ ಪಕ್ಕದಲ್ಲಿದ್ದ ನನ್ನ ಮುಂಗುರುಳು ಅಲುಗಿತು.

"ಹೊಸ ನಿಲ್ದಾಣ ಕಟ್ಟೋರು ಅಲ್ಲಿ ಮೂಲೆ ಅಂಗಡಿ ಕೊಡ್ತೀವಿ ಅಂದಿದ್ರು," ಎಂದ ಅವನು, ನೆಲ ನೋಡುತ್ತ. "ಗೋಡೆಯಷ್ಟು ದೊಡ್ಡ ಕಿಟಕಿ. ನನ್ನ ಕಣ್ಣು ಮಂಜಾಗಿದೆ. ಆ ಕತ್ತಲಲ್ಲಿ ಸೂಜಿಗೆ ದಾರ ಏರಲ್ಲ. ಒಂದು ದಿನ ತಡವಾದ್ರೆ ಸಾಕು ಅಂತ ತೊಗೊಂಡು ಹೋದೆ. ಕತ್ತರಿನೂ ಎತ್ತಿದೆ. ಮೊದಲನೇ ಹೆಸರೇ ಬೇಕರಿಯಕ್ಕಂದು. ನಲವತ್ತೆರಡು ಜನರ ಅಳತೆನೂ ನನಗೆ ಬಾಯಿಪಾಠ. ಹೇಗೆ ಕತ್ತರಿಸಲಿ? ವಾಪಸ್ ಇಡೋದು ಹೇಗೆ ಅಂತಲೂ ತಿಳೀಲಿಲ್ಲ."

ಬೇಕರಿಯಕ್ಕ ಮೂಗೊರೆಸಿಕೊಂಡಳು. "ಅವನ ಅಂಗಡಿ ಕತ್ತಲಾಗಿದ್ದು ನನ್ನಿಂದ. ಅವನ ಕಿಟಕಿಗೆ ಅಡ್ಡ ನನ್ನ ಒಲೆ ಸೌದೆ ಪೇರಿಸಿದೀನಿ, ಎಂಟು ವರ್ಷದಿಂದ. ಲೋ, ಒಂದು ಮಾತು ಹೇಳೋಕೇನಾಗಿತ್ತು ನಿಂಗೆ?"

"ನಿಮ್ಮ ಬಾಯಿಗೆ ಹೆದರಿಕೊಂಡೆ, ಅಕ್ಕಾ."

ಸರ್ವೆಯವರು ತಡೆಯಲಾರದೆ ನಕ್ಕುಬಿಟ್ಟರು. ಬೇಕರಿಯಕ್ಕ ಅವರತ್ತ ತಿರುಗಿ, ಒಂದು ಬಿಸಿ ಬ್ರೆಡ್ಡನ್ನು ಅವರ ಮುಂದೆ ತಳ್ಳಿದಳು. ಕ್ಷಮೆ ಕೇಳಲು ಅವಳಿಗೆ ಗೊತ್ತಿದ್ದ ದಾರಿ ಅದೊಂದೇ.

"ಸಂಘ ಇರೋದು ಅಧಿಕಾರಿ ಹತ್ರ ಮಾತಾಡೋಕಷ್ಟೇ ಅಲ್ಲ," ಎಂದರು ಅತ್ತೆ. "ಸಂಜೆ ಎಲ್ಲರೂ ಸೇರಿ ಸೌದೆ ಎತ್ತೋಣ. ದರ್ಜಿಯಣ್ಣಾ, ಫೈಲು ನೀನೇ ಒಪ್ಪಿಸು."

ಹನ್ನೊಂದಕ್ಕೆ ಅವನೇ ಒಪ್ಪಿಸಿದ. ಅಧಿಕಾರಿ ಹಾಳೆ ತಿರುವಿ ಮುದ್ರೆ ಒತ್ತಿದರು. "ಇಷ್ಟೂ ಜನ ಬೇಡ ಅಂದಮೇಲೆ ನಿಲ್ದಾಣ ಕದಲಿಸೋ ಹಾಗಿಲ್ಲ. ಇಲ್ಲೇ ಇರುತ್ತೆ."

ಮಧ್ಯಾಹ್ನದ ಬಸ್ಸು ನಮ್ಮ ಬಾಗಿಲೆದುರು ನಿಂತಾಗ ಪೆಟ್ಟಿಗೆ ಹೊತ್ತ ಗಂಡಹೆಂಡತಿ ಇಳಿದು, ರೂಮು ಸಿಗುತ್ತದೆಯೇ ಎಂದು ಕೇಳಿದರು.

"ಬನ್ನಿ ಬನ್ನಿ, ಇದೆ," ಎಂದ ಅತ್ತೆ ನನ್ನ ಬೆನ್ನಿಗೊಂದು ಗುದ್ದಿದರು. "ನಿಂತ್ಕೊಂಡು ಕನಸು ಕಾಣಬೇಡ್ವೇ. ಐದನೇ ರೂಮು!"

ನಾನು ಓಡಿದೆ. ಆ ದಿನ ಮೆಟ್ಟಿಲಿಗೆ ನನ್ನ ಕಾಲು ತಾಗಿದ ನೆನಪೇ ಇಲ್ಲ.