ಪೂಜೆಯಾದ ಮೇಲೆ ಮುಟ್ಟಿದವರು

ದಸರೆಯ ಮರುದಿನ ಬೆಳಿಗ್ಗೆ ಕಡತ ಬರಿದಾಗಿತ್ತು.

ವಾಡಿ ಬಳಿಯ ಸಿಮೆಂಟ್ ಕಾರ್ಖಾನೆ; ೧೯೮೮ನೇ ಇಸವಿ. ಕಂಪ್ಯೂಟರ್ ಕೋಣೆಯಲ್ಲಿ ಒಂದು ಮುಖ್ಯ ಕಂಪ್ಯೂಟರ್, ಅದಕ್ಕೆ ತಂತಿಯಿಂದ ಜೋಡಿಸಿದ ಮೂರು ಯಂತ್ರಗಳು. ಪ್ಯಾಕಿಂಗ್ ಕಾರ್ಮಿಕರ ಎದೆ ತಪಾಸಣೆಯ ವಿವರವೆಲ್ಲ ಇದ್ದದ್ದು ಮುಖ್ಯ ಕಂಪ್ಯೂಟರಿನ ಆ ಒಂದು ಕಡತದಲ್ಲಿ. ಆಪರೇಟರ್ ಅಯ್ಯಪ್ಪ ತನ್ನ ಯಂತ್ರದಲ್ಲಿ ತೆರೆದು ನೋಡಿದರೆ—ಒಂದಕ್ಷರವೂ ಇಲ್ಲ. ದಸರೆಯ ಹಿಂದಿನ ದಿನ, ಯಂತ್ರಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ಸಂಜೆ, ಹಮೀದಾಬಿಯ ಹೆಸರಿನಲ್ಲಿ ಅದು ಅಳಿದಿದೆ ಎಂದು ಮುಖ್ಯ ಕಂಪ್ಯೂಟರ್ ತೋರಿಸುತ್ತಿತ್ತು.

ಹಮೀದಾಬಿ ಅಲ್ಲಿಯ ಇನ್ನೊಬ್ಬ ಆಪರೇಟರ್. ಆಕೆಯ ಪಾಸ್‌ವರ್ಡ್ ಆಕೆಯೊಬ್ಬಳಿಗೇ ಗೊತ್ತು. ಇನ್ನೇನು ಬೇಕು? ಮ್ಯಾನೇಜರರು ಕೋಣೆಗೆ ಬೀಗ ಹಾಕಿಸಿ, ಆಕೆಯನ್ನು ಕೆಲಸದಿಂದ ತೆಗೆಯುವ ಆದೇಶ ಟೈಪು ಮಾಡಿಸಿಯೇಬಿಟ್ಟಿದ್ದರು. ವಿಚಾರಣೆಯಿಲ್ಲದೆ ಸಹಿ ಹಾಕುವಂತಿಲ್ಲ ಎಂಬ ಒಂದೇ ಕಾರಣಕ್ಕೆ ಗುಲ್ಬರ್ಗಾದಿಂದ ವಿಚಾರಣಾಧಿಕಾರಿ ಗೊಲ್ಲಾಳಪ್ಪನವರು ಬಂದರು. ಅವರ ಹಿಂದೆ ಬರೆದುಕೊಳ್ಳಲು ನಾನು.

ಕೋಣೆಯ ಬೀಗದ ಕೈ ಇದ್ದದ್ದು ಮೂವರ ಬಳಿ: ಅಯ್ಯಪ್ಪ, ಹಮೀದಾಬಿ ಮತ್ತು ವಿಭಾಗದ ಮುಖ್ಯಸ್ಥ ರೇವಣಪ್ಪ. ರೇವಣಪ್ಪನವರು ಹಣೆಯ ವಿಭೂತಿ ಎಂದೂ ತಪ್ಪಿಸದ ಸಜ್ಜನರು. ಹುಡುಗಿ ಒಳ್ಳೆಯವಳು, ಬಿಟ್ಟುಬಿಡಿ ಎಂದು ಅವರು ಮೂರು ಸಲ ಹೇಳಿದರು. ಕೇಳದೆಯೇ ಇಷ್ಟು ವಕಾಲತ್ತು ಯಾಕೆಂದು ನನಗೆ ಕಿರಿಕಿರಿಯಾಯಿತು.

“ಇದರ ನಕಲು ಅದ ಏನ್ರಿ?” ಗೊಲ್ಲಾಳಪ್ಪನವರು ಕೇಳಿದರು.

“ಪ್ರತಿ ವಾರ ಫ್ಲಾಪಿಗಿ ತಗೀತಿದ್ದೆರಿ,” ರೇವಣಪ್ಪನವರು ಅಂದರು. “ಫ್ಲಾಪಿನೇ ಕೆಟ್ಟದರಿ.”

ಪೂಜೆಯ ದಿನ ತಾನು ಭಂಕೂರಿನ ಮನೆಯಲ್ಲಿದ್ದೆ, ಕೋಣೆಯತ್ತ ಸುಳಿದಿಲ್ಲ ಎಂದೂ ಹೇಳಿದರು. ಪೂಜೆ ಮಾಡಿದವನು ಅಯ್ಯಪ್ಪ: ಕುಂಕುಮ, ಅರಿಶಿನ, ಹೂವು, ಅಷ್ಟೇ. ಆಮೇಲೆ ಅವನು ಮಧ್ಯರಾತ್ರಿಯವರೆಗೂ ಲಾರಿಗಳ ಪೂಜೆಯಲ್ಲಿದ್ದದ್ದನ್ನು ಕಾರ್ಖಾನೆಯೆಲ್ಲ ಕಂಡಿತ್ತು.

“ಪೂಜಿ ಮಾಡುವಾಗ ಮಷೀನು ಬಂದ್ ಇದ್ವೋ, ಚಾಲೂ ಇದ್ವೋ?”

“ಚಾಲೂ ಇದ್ದವ್ರಿ,” ಅಯ್ಯಪ್ಪ ಅಂದ. “ದೀಪದಂಗ ಹತ್ತಿರಬೇಕಲ್ರಿ. ಅವರವರ ಪಾಸ್‌ವರ್ಡ್ ಹಾಕಿ ತೆರೆದಿಟ್ಟಿದ್ದೆವು.”

“ಬಂದ್ ಮಾಡಿದ್ದು ಯಾವಾಗ?”

ಹಮೀದಾಬಿ ಮೊದಲ ಸಲ ತಲೆಯೆತ್ತಿದಳು. “ಮಾಡಿಲ್ರಿ. ಪೂಜಿ ಆದಮ್ಯಾಲ ಮುಟ್ಟಬಾರದು ಅಂತಾರ. ನಾನು ಮುಟ್ಟಿದ್ರ ಇವರ ಮನಸ್ಸಿಗಿ ಹತ್ತತದ ಅಂತ ಹಂಗೇ ಬಿಟ್ಟು ಹೋದ್ನಿರಿ.”

ಪಾಸ್‌ವರ್ಡಿನ ಬಿಗಿ ಕಾವಲು ಎರಡು ದಿನ ಬಾಯಿ ತೆರೆದುಕೊಂಡು ಕೂತಿತ್ತು. ಯಾರಿಗೂ ಅದು ತಪ್ಪು ಅನ್ನಿಸಿರಲಿಲ್ಲ. ಪೂಜೆಯಾದ ಯಂತ್ರವನ್ನು ಯಾರಾದರೂ ಮುಟ್ಟುತ್ತಾರೆಯೇ?

ಮುಟ್ಟಿದ್ದರು. ಗೊಲ್ಲಾಳಪ್ಪನವರು ಬೀಗ ತೆಗೆಸಿ ನಮ್ಮನ್ನೆಲ್ಲ ಹಮೀದಾಬಿಯ ಯಂತ್ರದೆದುರು ನಿಲ್ಲಿಸಿದರು. ಅದರ ಕೀಬೋರ್ಡಿನ ಮೇಲೆ ಕುಂಕುಮ ಒರೆಸಿಹೋಗಿತ್ತು. ಒರೆಸಿದ ಜಾಗದಲ್ಲಿ ಮೂರು ಬೆರಳಿನ ವಿಭೂತಿ ಪಟ್ಟೆ.

“ಎಲ್ಲರೂ ಇದನ್ನ ಪೂಜಿ ಅಂದುಕೊಂಡ್ರಿ. ಅಯ್ಯಪ್ಪ ಹಚ್ಚಿದ್ದು ಕುಂಕುಮ, ಅರಿಶಿನ. ಈ ವಿಭೂತಿ ಆಮ್ಯಾಲ ಬಂದದ. ಹಮೀದಾಬಿ ಹಚ್ಚಾಂಗಿಲ್ಲ. ಕಳ್ಳ ಹಚ್ಚಾಂಗಿಲ್ಲ. ಮುಟ್ಟಬಾರದ್ದು ಮುಟ್ಟೀನಿ ಅಂತ ಮನಸ್ಸಿನ್ಯಾಗ ಕೊರಗವ ಹಚ್ಚತಾನ. ಹೌದಿಲ್ರಿ, ರೇವಣಪ್ಪನವರ?”

ರೇವಣಪ್ಪನವರು ಎಲ್ಲವನ್ನೂ ಒಪ್ಪಿಕೊಂಡರು. ವಾರವಾರದ ನಕಲೆಲ್ಲ ಬರೀ ಸುಳ್ಳು. ಆರೋಗ್ಯ ಇಲಾಖೆಯವರು ಬರುವ ಸುದ್ದಿ ಕೇಳಿ, ನಕಲು ತೋರಿಸೆಂದಾರೆಂದು ಹೆದರಿ, ಯಾರೂ ಇಲ್ಲದ ಹೊತ್ತಿಗೆ ಒಂದು ನಕಲು ಮಾಡಿಟ್ಟುಬಿಡೋಣವೆಂದು ಬಂದಿದ್ದರು. ಫ್ಲಾಪಿ ಹಾಕುವ ಕಿಂಡಿ ಇದ್ದದ್ದು ಹಮೀದಾಬಿಯ ಯಂತ್ರಕ್ಕೆ ಮಾತ್ರ. ಗಡಿಬಿಡಿಯಲ್ಲಿ ಕಡತವನ್ನು ಫ್ಲಾಪಿಗೆ ಇಳಿಸುವ ಬದಲು ಖಾಲಿ ಫ್ಲಾಪಿಯನ್ನೇ ಕಡತದ ಮೇಲೆ ಇಳಿಸಿಬಿಟ್ಟಿದ್ದರು.

“ಮಷೀನಿಗಿ ತಪ್ಪಾತು ಅಂತ ಕೈ ಮುಗಿದ್ರಿ,” ಗೊಲ್ಲಾಳಪ್ಪನವರು ಮೆಲ್ಲಗೆ ಹೇಳಿದರು. “ಈ ಹೆಣ್ಣುಮಗಳ ಹೆಸರು ಬಂದಾಗ ಬಾಯಿ ಯಾಕ ಬರಲಿಲ್ಲ?”

ಸಿಟ್ಟಿಗೆ ನನ್ನ ಪೆನ್ನು ಕಾಗದ ಹರಿದೇಬಿಟ್ಟಿತು. ಕಡೆಗೆ ರೇವಣಪ್ಪನವರು ಹಮೀದಾಬಿಯ ಮುಂದೆ ಕೈ ಜೋಡಿಸಿದರು.

“ನನಗ ಬ್ಯಾಡ್ರಿ ಸರ್,” ಅವಳೆಂದಳು. “ಖರೇ ನೀನೇ ಮಾಡಿದೇನು ಅಂತ ನಮ್ಮ ಅಮ್ಮಿನೇ ಕೇಳಿದಳ್ರಿ. ಮನಿಗಿ ಬಂದು ಅಕಿಗಿ ಹೇಳ್ರಿ.”