ಎಡಗಡೆಯ ಸೀಟು

ಹಳೇ ಕಾರು ಮಾರುವವನ ನಗುವನ್ನು ನಂಬಬಾರದು ಎಂದು ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ. ಹೇಳಿಕೊಟ್ಟಿದ್ದರೂ ದ್ರಾಕ್ಷಾಯಣಿ ಕಿವಿಗೆ ಹಾಕಿಕೊಳ್ಳುತ್ತಿದ್ದಳೋ ಇಲ್ಲವೋ. ಅಭಿಲಾಷನ ನಗು ಹಾಗಿತ್ತು.

ಬಾಳ್ಳುಪೇಟೆಯಲ್ಲಿ ಹೈವೇ ಪಕ್ಕ, ಲಾರಿಗಳ ಧೂಳು ಬಂದು ಕೂರುವ ಜಾಗದಲ್ಲಿ ಅವನ ಸೆಕೆಂಡ್ ಹ್ಯಾಂಡ್ ಕಾರುಗಳ ಅಂಗಡಿ. ದ್ರಾಕ್ಷಾಯಣಿಗೆ ಆಲೂರಿನಲ್ಲಿ ಪುಟ್ಟದೊಂದು ಬ್ಯೂಟಿ ಪಾರ್ಲರ್ ಇತ್ತು. ಮದುವೆ ಸೀಜನ್ ಬಂದರೆ ಎಸ್ಟೇಟ್ ಮನೆಗಳಿಗೆ, ಘಾಟಿ ಪಕ್ಕದ ಹಳ್ಳಿಗಳಿಗೆ ಮದುಮಗಳನ್ನು ಸಿಂಗರಿಸಲು ಹೋಗಬೇಕು. ಮುಹೂರ್ತ ಬಸ್ಸಿಗಾಗಿ ಕಾಯುವುದಿಲ್ಲವಾದ್ದರಿಂದ ಕಾರು ಬೇಕಿತ್ತು. ಅವಳ ಜೊತೆ ಬಂದಿದ್ದವಳು ಪಂಕಜಾಕ್ಷಿ. ಸೀರೆ ಉಡಿಸುವುದು, ಜಡೆ ಹೆಣೆಯುವುದು ಅವಳ ಕೆಲಸ. ಅವಳೂ ಅಭಿಲಾಷನ ತಾಯಿಯೂ ಒಂದೇ ಊರು, ಹೆಗ್ಗದ್ದೆಯವರು.

"ನಮ್ಮೋರೇ ಕಣೆ," ಎಂದಿದ್ದಳು ದಾರಿಯುದ್ದಕ್ಕೂ. "ಗುರ್ತಿರೋರ ಹತ್ರ ತಗಳಾದೇ ವಾಸಿ. ಆದ್ರೆ ಆ ಪೇಪರ್ ತೋರ್ಸಿ, ಈ ಪೇಪರ್ ತೋರ್ಸಿ ಅಂತ ಕೂತ್ಕಬೇಡ. ಬೇಜಾರು ಮಾಡ್ಕತಾರೆ."

ಇನ್ಶೂರೆನ್ಸ್ ಕಂಪನಿಯಲ್ಲಿ ಕಾರಿನ ಪೂರ್ವಾಪರ ಒಂದು ಮಾತು ವಿಚಾರಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪರಿಚಯದವರ ಹತ್ತಿರ ಹಾಗೆಲ್ಲ ವಿಚಾರಿಸುವುದು ಮರ್ಯಾದೆಯಲ್ಲ ಎಂಬುದು ನಮ್ಮ ಕಡೆಯ ದೊಡ್ಡ ಕಾಯಿಲೆ.

ದ್ರಾಕ್ಷಾಯಣಿ ಬಿಳಿ ಕಾರೊಂದರ ಎಡಗಡೆಯ ಬಾಗಿಲ ಮೇಲೆ ಬೆರಳಾಡಿಸಿದಳು. "ಈ ಕಡೆ ಬಣ್ಣ ಒಂಚೂರು ಜಾಸ್ತಿನೇ ಹೊಳೀತಿದೆಯಲ್ಲ?"

"ಗೀರು ಬಿದ್ದಿತ್ತು, ಟಚಪ್ ಮಾಡ್ಸಿದೀನಿ. ನಿಮ್ಮ ಕೆಲ್ಸನೂ ಅದೇ ಅಲ್ವಾ ಮೇಡಂ?"

"ನಾನು ಹಚ್ಚಿದ್ದು ಸಂಜೆ ಮುಖ ತೊಳೆದ್ರೆ ಹೋಗುತ್ತೆ."

"ಇದು ಹೋಗಲ್ಲ. ನನ್ನ ಗ್ಯಾರಂಟಿ."

"ಆಕ್ಸಿಡೆಂಟ್ ಏನೂ ಆಗಿಲ್ಲ ತಾನೆ?"

"ಅಯ್ಯೋ, ಆಕ್ಸಿಡೆಂಟ್ ಗಾಡಿನ ನಾನು ಮುಟ್ಟಾದೇ ಇಲ್ಲ." ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದ. ಅವಳು ನೋಡಿದ್ದು ಆ ಕಣ್ಣಿನ ರೆಪ್ಪೆಗಳನ್ನು. ಗಂಡಸಿಗೆ ಇಷ್ಟುದ್ದದ ರೆಪ್ಪೆ ಯಾಕೆ ಬೇಕಿತ್ತು ಎಂದು ಅವಳ ಕಸುಬಿನ ಕಣ್ಣಿಗೆ ಹೊಟ್ಟೆಕಿಚ್ಚಾಯಿತು.

ಕಾಗದಕ್ಕೆ ಸಹಿ ಮಾಡುವಾಗ, "ದಾಕ್ಷಾ ಅಂತ ಬರ್ಕೊಳ್ಳಿ ಸಾಕು," ಎಂದಳು. ಪಾರ್ಲರಿನ ಬೋರ್ಡಿನಲ್ಲೂ ಅಷ್ಟೇ ಇತ್ತು.

"ಆಧಾರ್‌ನಲ್ಲಿ ದ್ರಾಕ್ಷಾಯಣಿ ಅಂತ ಐತಲ್ಲ. ಅಷ್ಟು ಚೆಂದದ ಹೆಸ್ರನ್ನ ಯಾಕ್ರೀ ಕತ್ತರಿಸ್ತೀರಾ?"

ಶಾಲೆಯಲ್ಲಿ ಎಲ್ಲರೂ ದ್ರಾಕ್ಷಿ ಎಂದು ನಕ್ಕಿದ್ದ ಹೆಸರು ಅದು. ಅದನ್ನು ಅವನು ಪೂರ್ತಿಯಾಗಿ, ಒಂದಕ್ಷರವನ್ನೂ ನುಂಗದೆ ಹೇಳಿದ್ದ. ಕಾರಿನ ಬೆಲೆ ಚೌಕಾಸಿ ಮಾಡುವುದನ್ನೇ ಅವಳು ಮರೆತಳು.

ಮೊದಮೊದಲು ಗಾಡಿ ಹೇಗೈತೆ ಎಂದು ಫೋನ್ ಬರುತ್ತಿತ್ತು. ಆಮೇಲೆ ಊಟ ಆಯ್ತಾ ಎಂದು. ಆಮೇಲಾಮೇಲೆ ಕಾರಣವೇ ಬೇಕಿರಲಿಲ್ಲ. ಅವಳು ಬೆಳಗಿನ ಜಾವ ಹೊರಟರೆ ಅವನೂ ಎದ್ದಿರುತ್ತಿದ್ದ. "ಮಂಜೈತೆ, ನಿಧಾನ ಹೋಗು. ಮುಟ್ಟಿದ ಮೇಲೆ ಫೋನ್ ಮಾಡು. ಮೇಕಪ್ ಬಾಕ್ಸು ಮುಂದಿನ ಸೀಟಲ್ಲಿಡು, ಪಂಕಜಕ್ಕ ಹಿಂದೆ ಕಾಲು ಚಾಚ್ಕಂಡು ಕೂತ್ಕಳ್ಲಿ. ವಯಸ್ಸಾದೋರು, ಕಾಲ್ನೋವು ಬೇರೆ."

ತನ್ನ ಜೊತೆಗಾತಿಯ ಕಾಲುನೋವನ್ನೂ ನೆನಪಿಡುವ ಗಂಡಸು! ದ್ರಾಕ್ಷಾಯಣಿ ಕರಗಿಹೋಗುತ್ತಿದ್ದಳು.

"ವಯಸ್ಸಾಗಿರಾದು ಅವ್ನಿಗೆ," ಎಂದು ಗೊಣಗಿ ಪಂಕಜಾಕ್ಷಿ ಮುಂದೆಯೇ ಕೂರುತ್ತಿದ್ದಳು. "ಹಿಂದೆ ಕೂತ್ರೆ ನಂಗೆ ವಾಂತಿ ಬತ್ತದೆ ಮಾರಾಯ್ತಿ. ನಿನ್ನ ಹುಡುಗಂಗೆ ಹೇಳು."

ನಿನ್ನ ಹುಡುಗ ಎಂಬ ಮಾತಿಗೆ ದ್ರಾಕ್ಷಾಯಣಿಯ ಮುಖ ಯಾವ ಬಣ್ಣವನ್ನೂ ಹಚ್ಚದೆ ಕೆಂಪಾಗುತ್ತಿತ್ತು.

ಕಾಫಿ ಹೂ ಬಿಟ್ಟ ವಾರ ಇಬ್ಬರೇ ಬಿಸಿಲೆ ಘಾಟಿ ಕಡೆಗೆ ಹೊರಟರು. ಗಂಡಸು ಜೊತೆಗಿದ್ದರೆ ಸ್ಟೇರಿಂಗ್ ಅವನ ಕೈಗೇ ಹೋಗಬೇಕು ಅನ್ನುವ ಸೀಮೆ ನಮ್ಮದು. ಅವಳೂ ಕೀ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

"ನೀನೇ ಓಡ್ಸು. ನಾನು ಪಕ್ಕದಲ್ಲಿ ಕೂತು ನೋಡ್ತೀನಿ."

"ಏನ್ ನೋಡ್ತೀಯಾ?"

"ರಸ್ತೆ."

"ರಸ್ತೆ ಮುಂದೈತೆ. ನೀನು ಈ ಕಡೆ ತಿರುಗಿದೀಯಲ್ಲ."

"ನನ್ನ ರಸ್ತೆ ಇರಾದೇ ಈ ಕಡೆ ಕಣೆ."

ಅವಳು ಜೋರಾಗಿ ನಕ್ಕಳು. ಕಿಟಕಿಯಿಂದ ಹೂವಿನ ಘಮ ತುಂಬಿಕೊಂಡು ಬರುತ್ತಿತ್ತು. ಗೇರಿನ ಮೇಲಿದ್ದ ಅವಳ ಕೈ ಮೇಲೆ ಅವನ ಕೈ ಬಂದು ಕೂತಿತು. ಪ್ರತಿ ತಿರುವಿನಲ್ಲೂ "ನಿಧಾನ" ಎನ್ನುತ್ತಿದ್ದ, ಮತ್ತೆ ಅವಳನ್ನೇ ನೋಡುತ್ತಿದ್ದ. ಹೊಂಗಡಹಳ್ಳದ ಹತ್ತಿರ ಗಾಡಿ ನಿಲ್ಲಿಸಿದಾಗ, ಸೀಜನ್ ಮುಗಿದ ಕೂಡಲೇ ಅಮ್ಮನನ್ನು ಹೆಣ್ಣು ಕೇಳಲು ಕರೆತರುತ್ತೇನೆ ಎಂದ. ಊರಿನ ಮದುವಣಗಿತ್ತಿಯರನ್ನೆಲ್ಲ ಸಿಂಗರಿಸಿದ ತನಗೆ ಯಾರು ಮೇಕಪ್ ಮಾಡುತ್ತಾರೆ ಎಂದು ಅವಳು ಕೇಳಿದಳು. ನಿನಗೆ ಅದರ ಅಗತ್ಯವಿಲ್ಲ ಎಂದ. ಹಳೇ ಮಾತೇ. ಆದರೆ ಅವಳಿಗೆ ಅದನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಅದೇ ರಸ್ತೆಯಲ್ಲಿ ಪಂಕಜಾಕ್ಷಿಯ ಜೊತೆ ಒಂದು ಮದುವೆ ಮುಗಿಸಿ ಬರುವಾಗ ಅದು ಆಯಿತು. ಸಿಲ್ವರ್ ಓಕ್ ಮರದ ದಿಮ್ಮಿ ತುಂಬಿದ ಪಿಕಪ್ ಒಂದು ತಿರುವಿನಲ್ಲಿ ಪೂರ್ತಿ ಈ ಕಡೆಗೆ ನುಗ್ಗಿತು. ದ್ರಾಕ್ಷಾಯಣಿ ಎಡಕ್ಕೆ ಎಳೆದಳು. ಕಾರು ಮರಕ್ಕೆ ಗುದ್ದಿತು. ಅವಳ ಮುಂದೆ ಬಿಳಿಯದೊಂದು ಚೀಲ ಢಬ್ಬೆಂದು ಉಬ್ಬಿ ಅವಳ ಮುಖವನ್ನು ಹಿಡಿದುಕೊಂಡಿತು. ಕಣ್ಣು ಬಿಟ್ಟಾಗ ಎದೆ ನೋಯುತ್ತಿತ್ತು, ಅಷ್ಟೇ. ಎಡಗಡೆ ತಿರುಗಿದಳು. ಆ ಕಡೆ ಏನೂ ತೆರೆದುಕೊಂಡಿರಲಿಲ್ಲ. ಪಂಕಜಾಕ್ಷಿಯ ಹಣೆ ಒಡೆದಿತ್ತು, ಡ್ಯಾಶ್‌ಬೋರ್ಡಿಗೆ ಊರಿದ ಬಲಗೈ ಮಣಿಕಟ್ಟಿನ ಹತ್ತಿರ ತಿರುಚಿಕೊಂಡು ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು.

ಸಕಲೇಶಪುರದ ಆಸ್ಪತ್ರೆಗೆ ಅಭಿಲಾಷ್ ಓಡಿಬಂದ. ಸ್ಟ್ರೆಚರ್ ಮೇಲೆ ಪ್ರಜ್ಞೆಯಿಲ್ಲದ ಪಂಕಜಾಕ್ಷಿಯನ್ನು ನೋಡಿದ, ದ್ರಾಕ್ಷಾಯಣಿಯ ತೋಳು ಹಿಡಿದ.

"ಅಕ್ಕನ್ನ ಯಾಕೆ ಮುಂದೆ ಕೂರಿಸ್ದೆ? ಆ ಸೀಟಲ್ಲಿ ಕೂರಿಸ್ಬೇಡ ಅಂತ ಎಷ್ಟು ಬಡ್ಕಂಡಿದ್ದೆ!"

ಗಾಬರಿಯಲ್ಲಿ ಹೀಗೆ ಕೂಗುತ್ತಿದ್ದಾನೆ ಎಂದುಕೊಂಡಳು. ಅವನ ಎದೆಗೆ ಒರಗಿ ಅತ್ತಳು ಕೂಡ. ಆ ಅಳುವನ್ನು ನೆನೆದರೆ ಅವಳಿಗೆ ಈಗಲೂ ಮೈ ಉರಿಯುತ್ತದೆ.

ಜಜ್ಜಿದ ಕಾರನ್ನು ಗ್ಯಾರೇಜಿಗೆ ತಂದಮೇಲೆ ಮೆಕ್ಯಾನಿಕ್ ಧರ್ಮ ಅವಳನ್ನು ಕರೆಸಿದ. ಎಡಗಡೆಯ ಡ್ಯಾಶ್‌ಬೋರ್ಡ್ ಬಿಚ್ಚಿಟ್ಟಿದ್ದ.

"ಇಲ್ಲಿ ಏರ್‌ಬ್ಯಾಗೇ ಇಲ್ಲ ಮೇಡಂ. ಹಿಂದೆ ಯಾವಾಗ್ಲೋ ಈ ಕಡೆ ಜೋರಾಗಿ ಗುದ್ದೈತೆ, ಆಗ ಒಡೆದೋಗೈತೆ. ಹೊಸದು ಹಾಕ್ಸಿಲ್ಲ. ಮೇಲೆ ಮುಚ್ಚಳ ಅಂಟಿಸಿ, ಮುಂದೆ ವಾರ್ನಿಂಗ್ ಲೈಟು ಹತ್ತದಂಗೆ ವೈರ್ ತಿರುಗಿಸವ್ರೆ. ನೋಡಿ, ಒಳಗೆಲ್ಲ ವೆಲ್ಡಿಂಗು."

ಆ ಖಾಲಿ ಗೂಡಿನ ಮುಂದೆ ನಿಂತಾಗ ಆಸ್ಪತ್ರೆಯ ಮಾತು ಅವಳಿಗೆ ಮತ್ತೆ ಕೇಳಿಸಿತು. ಆ ಸೀಟಲ್ಲಿ ಕೂರಿಸ್ಬೇಡ. ನಿಧಾನ ಹೋಗು ಎಂದಿದ್ದು ಮಂಜಿನ ಭಯಕ್ಕಲ್ಲ. ಬಾಕ್ಸನ್ನು ಮುಂದಿಡು ಎಂದಿದ್ದು ಅಕ್ಕನ ಕಾಲುನೋವಿಗಲ್ಲ, ಆ ಸೀಟಲ್ಲಿ ಯಾರೂ ಕೂರದಿರಲಿ ಎಂದು. ಮುಟ್ಟಿದ ಮೇಲೆ ಫೋನ್ ಮಾಡು. ನೀನೇ ಓಡ್ಸು. ಒಂದೊಂದೇ ಮಾತನ್ನು ತೆಗೆದು ನೋಡಿದಳು. ತಾನು ಪ್ರೀತಿ ಎಂದುಕೊಂಡು ಎದೆಯಲ್ಲಿಟ್ಟುಕೊಂಡಿದ್ದೆಲ್ಲ ಅವನ ಭಯವೇ ಆಗಿತ್ತು.

ಅವನಿಗೆ ಫೋನ್ ಮಾಡಲಿಲ್ಲ. ಅವನು ಮಾಡಿದ್ದನ್ನು ಎತ್ತಲೂ ಇಲ್ಲ. ನೇರ ಹಾಸನಕ್ಕೆ ಹೋಗಿ ಲಾಯರ್ ನಯನಾ ಅವರ ಮುಂದೆ ಕೂತಳು. ಅವರು ಬಿಡಿಸಿ ಹೇಳಿದರು. ಇದ್ದ ಸ್ಥಿತಿಯಲ್ಲೇ ಒಪ್ಪಿ ಕೊಂಡಿದ್ದೇನೆ ಎಂದು ಸಹಿ ಹಾಕಿದ್ದರೂ, ಕೇಳಿದಾಗ ಸುಳ್ಳು ಹೇಳಿ ಮಾರಿದವನನ್ನು ಆ ಸಹಿ ಕಾಪಾಡುವುದಿಲ್ಲ. ಸ್ವಂತ ದುಡಿಮೆಗೆಂದು ಕೊಂಡ ಕಾರಾದ್ದರಿಂದ ಕಾನೂನಿನ ಪ್ರಕಾರ ಅವಳೂ ಗ್ರಾಹಕಿಯೇ. ಧರ್ಮನ ವರದಿ ಇದೆ, ಹಿಂದಿನ ಅಪಘಾತಕ್ಕೆ ಇನ್ಶೂರೆನ್ಸ್ ಹಣ ಕೊಟ್ಟ ದಾಖಲೆಯೂ ಸಿಗುತ್ತದೆ.

"ಒಂದೇ ತೊಂದರೆ," ಎಂದರು. "ನಾನೂ ಬೇರೆಯವರ ಹತ್ರ ಕೊಂಡಿದ್ದು, ನನಗೂ ಗೊತ್ತಿರಲಿಲ್ಲ ಅಂತ ಅವನು ಅಂದ್ರೆ? ಆಸ್ಪತ್ರೆಯಲ್ಲಿ ಅವನಾಡಿದ ಮಾತನ್ನ ಕೇಳಿದ್ದು ನೀವೊಬ್ಬರೇ."

ದ್ರಾಕ್ಷಾಯಣಿ ತಲೆಯಾಡಿಸಿದಳು. ಲಾಯರ್‌ಗೆ ಹೇಳಲಾಗದ ಮಾತೊಂದು ಒಳಗಿತ್ತು. ಅವನು ಹಾಗೇ ಅನ್ನಲಿ ಎಂದು ಅವಳ ಮನಸ್ಸೇ ಬೇಡಿಕೊಳ್ಳುತ್ತಿತ್ತು. ಗೊತ್ತಿರಲಿಲ್ಲ ಅನ್ನಲಿ. ಕೇಸು ಬಿದ್ದುಹೋದರೆ ಹೋಗಲಿ. ಆಗ ಬಿಸಿಲೆ ರಸ್ತೆಯ ಆ ದಿನವಾದರೂ ಉಳಿಯುತ್ತದೆ.

ಪಂಕಜಾಕ್ಷಿಯ ಕೈಗೆ ಆಪರೇಷನ್ ಮಾಡಿ ಕಂಬಿ ಹಾಕಿದರು. ಬ್ಯಾಂಡೇಜು ಬಿಚ್ಚಿದ ಮೇಲೆ ಅವಳು ತನ್ನದೇ ಸೀರೆಯ ನೆರಿಗೆ ಹಿಡಿಯಲು ನೋಡಿದಳು. ಬೆರಳು ಮಡಚಲಿಲ್ಲ, ನೆರಿಗೆ ಜಾರಿ ಕಾಲಿಗೆ ಬಿತ್ತು. "ನಾನೇ ಅಲ್ವೇನೆ ಅವ್ನ ಹತ್ರ ಕರ್ಕಂಡೋಗಿದ್ದು," ಎಂದಳು. ಅವಳು ಅತ್ತಿದ್ದರೆ ಎಷ್ಟೋ ವಾಸಿಯಿತ್ತು.

ಗ್ರಾಹಕರ ಆಯೋಗದಲ್ಲಿ ಅವನ ಪರವಾಗಿ ಬಂದ ಉತ್ತರ ನಯನಾ ಹೇಳಿದಂತೆಯೇ ಇತ್ತು. ಮಾರಾಟಗಾರನಿಗೂ ಹಾನಿಯ ವಿಷಯ ತಿಳಿದಿರಲಿಲ್ಲ, ಅವನೂ ಮೋಸಹೋದವನೇ. ವಿಚಾರಣೆಯ ದಿನ ಅವನ ಲಾಯರು ಅದನ್ನೇ ಓದುತ್ತಿದ್ದರು. ಅಭಿಲಾಷ್ ಕುರ್ಚಿಯಿಂದ ಎದ್ದು ನಿಂತ. ಇಳಿದುಹೋಗಿದ್ದ.

"ಅದು ಸುಳ್ಳು ಸ್ವಾಮಿ. ನಂಗೆ ಗೊತ್ತಿತ್ತು. ಬ್ಯಾಗ್ ಇಲ್ದೇ ಇರಾದೂ ಗೊತ್ತಿತ್ತು. ಅವ್ರು ಕೇಳಿದ್ರು, ನಾನು ಹೇಳ್ಲಿಲ್ಲ."

ಅವನ ಲಾಯರು ಕೋಟು ಜಗ್ಗಿ ಕೂರಿಸಲು ನೋಡಿದರು. ಅಧ್ಯಕ್ಷರು ಆ ಮಾತನ್ನು ಬರೆದುಕೊಳ್ಳಲು ಹೇಳಿದರು. ನಯನಾ ಮೇಜಿನ ಕೆಳಗೆ ದ್ರಾಕ್ಷಾಯಣಿಯ ಕೈ ಒತ್ತಿದರು, ಗೆದ್ದೆವು ಎಂಬಂತೆ. ಆ ಕೈ ತಣ್ಣಗಿತ್ತು.

ಹೊರಗೆ ಮೆಟ್ಟಿಲ ಹತ್ತಿರ ಅವನು ದಾರಿಗೆ ಅಡ್ಡ ನಿಂತ.

"ದ್ರಾಕ್ಷಾಯಣಿ, ಅವ್ರು ಎಷ್ಟು ದಂಡನಾದ್ರೂ ಹಾಕ್ಲಿ, ಅಂಗಡಿ ಮಾರಿ ಕೊಡ್ತೀನಿ. ಅಕ್ಕನ ಕೈಗೆ ಏನೇನಾಗ್ಬೇಕೋ ಎಲ್ಲ ಮಾಡ್ಸ್ತೀನಿ. ಪ್ರೀತಿನೂ ಸುಳ್ಳು ಅಂತ ಮಾತ್ರ ಅನ್ಬೇಡ. ಮೊದ್ಲು ಹೆದ್ರಿಕೆಗೆ ಫೋನ್ ಮಾಡ್ತಿದ್ದೆ, ನಿಜ. ಆಮೇಲೆ ಹಂಗಲ್ಲ. ನಾವಿಬ್ರೂ ಹೋದಾಗೆಲ್ಲ ಆ ಸೀಟಲ್ಲಿ ನಾನೇ ಕೂರ್ತಿದ್ದೆನಲ್ಲ?"

ಅವನ ಕಣ್ಣು ತುಂಬಿ ಆ ಉದ್ದನೆಯ ರೆಪ್ಪೆಗಳು ಒದ್ದೆಯಾಗಿದ್ದವು. ನಿಜ ಹೇಳುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಅವನ ಕೆನ್ನೆ ಒರೆಸಬೇಕು ಅನ್ನಿಸಿತು, ಅದಕ್ಕೇ ತನ್ನ ಮೇಲೆ ಅಸಹ್ಯವಾಯಿತು.

"ಸುಳ್ಳು ಅಂತ ನಾನು ಅಂದಿಲ್ಲ," ಎಂದಳು. "ಯಾವತ್ತೋ ಒಂದು ದಿನ ನಿಂಗೆ ನನ್ನ ಮೇಲೆ ಮನಸ್ಸಾಯ್ತು, ಒಪ್ಪಿದೆ. ಅದರ ಮಾರನೇ ಬೆಳಿಗ್ಗೆನಾದ್ರೂ ಫೋನ್ ಮಾಡಿ, ಆ ಗಾಡಿ ತೆಗೀಬೇಡ ಅನ್ಬೋದಿತ್ತಲ್ಲ ಅಭಿ?"

"ಹೇಳಿದ್ರೆ ನೀನು ನನ್ನ ಬುಟ್ಟು ಹೋಗ್ಬುಡ್ತಿದ್ದೆ."

ಅವಳು ಅವನನ್ನೇ ನೋಡಿದಳು. ಇಷ್ಟು ದಿನದಲ್ಲಿ ಅವನಾಡಿದ ಅತಿ ದೊಡ್ಡ ಪ್ರೀತಿಯ ಮಾತು ಅದೇ ಇರಬೇಕು.

"ಹಂಗಾದ್ರೆ ನಾನು ಹೋಗ್ದೇ ಇರಲಿ ಅಂತ, ಪಂಕಜಕ್ಕನ್ನ ಆ ಸೀಟಲ್ಲಿ ಕೂರಕ್ಕೆ ಬುಟ್ಟೆ."

ದ್ರಾಕ್ಷಾಯಣಿ ಅವನು ಪಕ್ಕಕ್ಕೆ ಸರಿಯುವವರೆಗೂ ಕಾದಳು. ಆಮೇಲೆ ಮೆಟ್ಟಿಲಿಳಿದು ಆಲೂರಿನ ಬಸ್ಸು ನಿಲ್ಲುವ ಕಡೆಗೆ ನಡೆದಳು.