ಟೊರಿಸಿಯವರ ಬಲಗಣ್ಣು

ಮಂಗಳವಾರ ಬೆಳಗ್ಗೆ ಇನಿಸ್‌ಫೇಲ್ ಪಟ್ಟಣದ ಪೊಲೀಸ್ ಠಾಣೆಗೆ ದೂರು ತಂದವನು ಸಾಂಟೋ ಟೊರಿಸಿ. ಜೀವಮಾನವಿಡೀ ಕಬ್ಬಿನ ಲಾರಿ ಓಡಿಸಿದ ಮುದುಕ. ಜೊತೆಗೆ ಬಂದ ಮಗಳು ರೀನಾಳಿಗೆ ದೂರು ಕೊಡುವುದು ಸುತರಾಂ ಇಷ್ಟವಿರಲಿಲ್ಲ.

ಸಾಂಟೋನ ಬಲಗಣ್ಣಿನ ಕೆಳರೆಪ್ಪೆ ಹೊರಕ್ಕೆ ಮಗುಚಿಕೊಂಡಿತ್ತು. ಊರಿನ ಕಣ್ಣಿನ ಕ್ಲಿನಿಕ್ಕಿನವರು ಆಪರೇಷನ್ ಮಾಡಿದ್ದು ಎಡಗಣ್ಣಿಗೆ. ಕೇಳಿದರೆ, ಆಗ ಕೆಟ್ಟಿದ್ದದ್ದು ಎಡಗಣ್ಣೇ, ಬಲಗಣ್ಣು ಆಮೇಲೆ ಕೆಟ್ಟಿದೆ, ಯಜಮಾನರಿಗೆ ಮರೆವು ಎಂದು ಹಳೆಯ ಫೋಟೊ ಮುಂದಿಟ್ಟರಂತೆ. ಸಾಂಟೋ ಹಗಲೆಲ್ಲ ಕಪ್ಪು ಕನ್ನಡಕ ತೆಗೆಯದ ಒಂಟಿ ಮನುಷ್ಯ, ಮಗಳ ಮನೆ ಬೇರೆ. ಸಾಕ್ಷಿ ಹೇಳುವವರು ಯಾರೂ ಇಲ್ಲ. ಮರೆವೇ ಎಂದು ನಂಬಿ ರೀನಾ ಆಗಲೇ ಲಾರಿಯ ಕೀಲಿ ಕಿತ್ತುಕೊಂಡು ವೃದ್ಧಾಶ್ರಮ ಹುಡುಕುತ್ತಿದ್ದಳು.

"ತಾಯಿ, ನಂಗೇ ಅನುಮಾನ ಬರ್ತಿದೆ," ಎಂದ ಸಾಂಟೋ. "ರಾತ್ರಿಯೆಲ್ಲ ಕನ್ನಡಿ ಮುಂದೆ ನಿಂತ್ಕೊಂಡು ಯಾವ ಕಣ್ಣು, ಯಾವ ಕಣ್ಣು ಅಂತೀನಿ."

ದೂರು ಬರೆದುಕೊಳ್ಳುತ್ತಿದ್ದ ಡಿಟೆಕ್ಟಿವ್ ಸಾರ್ಜೆಂಟ್ ಗ್ಲೆನಿಸ್ ಪೀಟ್ರಿ ಪೆನ್ನು ಕೆಳಗಿಟ್ಟಳು. ಮುದುಕ ಹೇಳುವುದು ಸುಳ್ಳಾಗಿದ್ದರೆ ಅದನ್ನು ಅವನ ಮುಖಕ್ಕೇ ಹೇಳಬೇಕಾದವಳು ಅವಳೇ.

ವಾರಂಟ್ ಪಡೆದು, ಕಾನ್‌ಸ್ಟೇಬಲ್ ಟೆವಿಟಾನೊಂದಿಗೆ ಕ್ಲಿನಿಕ್ಕಿನಲ್ಲಿ ಶೋಧ ನಡೆಸಿದಳು. ಕಾಯಿಲೆಗಳಿಗೆ ಸಂಕೇತ ಹಾಕಿ ಕಡತ ಜೋಡಿಸುವ ಮೆರಿಲ್ ಹಾಫ್‌ಮನ್ ಎಲ್ಲವನ್ನೂ ಅಚ್ಚುಕಟ್ಟಾಗಿ ತೆಗೆದುಕೊಟ್ಟಳು. ಹೊರಮಗುಚಿದ ರೆಪ್ಪೆಗೆ ಒಂದೇ ಸಂಕೇತ. ಎಡ ಬಲ ಅದಕ್ಕೆ ಗೊತ್ತಿಲ್ಲ. ಅದನ್ನು ಹೇಳಬೇಕಾದದ್ದು ಟಿಪ್ಪಣಿ ಮತ್ತು ಫೋಟೊ. ಎರಡೂ ಎಡ ಎಂದೇ ಹೇಳುತ್ತಿದ್ದವು. ವಯಸ್ಸಿಗೆ ಎರಡು ರೆಪ್ಪೆಯೂ ಸಡಿಲವೇ, ಆಪರೇಷನ್ ಪಟ್ಟಿಯಲ್ಲಿದ್ದಂತೆ ಮಾಡಿದೆ ಎಂದು ಡಾಕ್ಟರು ಕೈ ತೊಳೆದುಕೊಂಡರು.

"ಮುದುಕನ ತಲೆನೇ ಕೆಟ್ಟಿರ್ಬೇಕು ಮೇಡಂ," ಎಂದ ಟೆವಿಟಾ.

ಪೀಟ್ರಿ ಕಡತದ ಫೋಟೊ ಎತ್ತಿಕೊಂಡಳು. ಸೀದಾ ಸಾಂಟೋನ ಮನೆಗೆ ಹೋಗಿ, ಅವನನ್ನು ಬೆಳಕಿನಲ್ಲಿ ಕೂರಿಸಿ, ಫೋಟೊ ಪಕ್ಕಕ್ಕೆ ಹಿಡಿದಳು. ಲಾರಿಯ ಕಿಟಕಿ ಇರುವುದು ಡ್ರೈವರನ ಬಲಕ್ಕೆ. ನಲವತ್ತು ವರ್ಷದ ಬಿಸಿಲಿಗೆ ಅವನ ಬಲಗೆನ್ನೆ ಕಂದಿ ಸುಕ್ಕಾಗಿ ರೆಪ್ಪೆಯನ್ನು ಕೆಳಕ್ಕೆ ಜಗ್ಗಿತ್ತು, ಎಡಗೆನ್ನೆ ನಯವಾಗಿತ್ತು. ಫೋಟೊದಲ್ಲಿ ಕಂದಿದ್ದದ್ದು ಎಡಗೆನ್ನೆ! ಯಾರೋ ಚಿತ್ರವನ್ನು ಎಡಬಲ ತಿರುಗಿಸಿದ್ದರು.

ಕ್ಲಿನಿಕ್ಕಿನಿಂದ ವಶಪಡಿಸಿಕೊಂಡಿದ್ದ ಕ್ಯಾಮೆರಾದಲ್ಲಿ ಮೂಲ ಚಿತ್ರ ಇನ್ನೂ ಇತ್ತು. ಬಲಗಣ್ಣೇ. ಆಪರೇಷನ್ನಿನ ಮರುದಿನ ಮೆರಿಲ್‌ಳ ಲಾಗಿನ್‌ನಿಂದ ಚಿತ್ರವೂ ಟಿಪ್ಪಣಿಯೂ ಬದಲಾಗಿದ್ದವು.

"ಆಪರೇಷನ್ ಪಟ್ಟಿ ಟೈಪ್ ಮಾಡಿದ್ದು ಯಾರು?" ಪೀಟ್ರಿ ಮೆರಿಲ್‌ಳನ್ನು ಕೇಳಿದಳು.

"ನಾನೇ."

"ಎಡ ಅಂತ ಹಾಕಿದ್ದು?"

"ನಾನೇ." ಮೆರಿಲ್ ಬೆರಳು ಹಿಸುಕಿಕೊಂಡಳು.

"ತಪ್ಪಾಯ್ತು ಅಂದಿದ್ರೆ ಮುಗೀತಿತ್ತಲ್ಲ?"

"ನಮ್ಮಮ್ಮ ಕೊನೆಗೆ ನನ್ನ ಗುರುತೇ ಹಿಡೀಲಿಲ್ಲ, ಮೇಡಂ. ಅವ್ಳಿಗೂ ಶುರುವಾಗಿದ್ದು ಹೀಗೇ, ಸಣ್ಣ ಸಣ್ಣ ತಪ್ಪಿಂದ. ಆ ಪಟ್ಟಿ ನೋಡಿದಾಗ ನಂಗೂ ಬಂತು ಅನ್ಕೊಂಡೆ. ಮರೆವು ನಂದಲ್ಲ, ಅವ್ರದು ಅಂತ ಮಾಡ್ಬಿಟ್ಟೆ."

ಸುಳ್ಳು ದಾಖಲೆ ಸೃಷ್ಟಿಸಿದ ಆರೋಪದ ಮೇಲೆ ಗುರುವಾರ ಮಧ್ಯಾಹ್ನ ಅವಳನ್ನು ಬಂಧಿಸಲಾಯಿತು. ಡಾಕ್ಟರ ಮೇಲಿನ ವರದಿ ವೈದ್ಯಕೀಯ ಮಂಡಳಿಗೆ ಹೋಯಿತು. ತನ್ನ ಭಯವನ್ನು ಇನ್ನೊಬ್ಬನ ತಲೆಗೆ ಕಟ್ಟಿದವಳನ್ನು ಬೈಯಬೇಕೋ ಮರುಗಬೇಕೋ ಪೀಟ್ರಿಗೆ ತಿಳಿಯಲಿಲ್ಲ. ಅವಳು ಸಾಂಟೋಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು.



"ಅಂದ್ರೆ ನನ್ನ ತಲೆ ನೆಟ್ಟಗಿದೆ?"

"ನೆಟ್ಟಗಿದೆ, ಯಜಮಾನ್ರೇ."

"ಒಂದ್ನಿಮಿಷ," ಎಂದ ಮುದುಕ. "ಮಗಳಿಗೆ ಕೊಡ್ತೀನಿ. ಅವ್ಳಿಗೂ ಇದನ್ನ ನೀವೇ ಹೇಳಿ."